ಲ್ಯಾಟ್ವಿಯನ್ನರ ‘ಜ಼ರ್ಸ್’: ಕೊಂಬೆಯೆಂಬ ಒಂದು ಮಾತಿನ ಹಲವು ಅರ್ಥಗಳು



ಗಡಿನಾಡಿನ ಕನ್ನಡವನ್ನು ಕುರಿತ ಈ ಗೋಷ್ಠಿಯಲ್ಲಿ ಲ್ಯಾಟ್ವಿಯನ್ ಭಾಷೆಯ ಒಂದು ಶಬ್ದವನ್ನು ಎತ್ತಿಕೊಂಡಿರುವುದಕ್ಕೆ ಮೊದಲು ಕಾರಣ ಹೇಳಬೇಕು. ನಾನು ಭಾಷಾವಿಜ್ಞಾನ ಓದಿದವನಲ್ಲ. ಕಾಸರಗೋಡು ಸೀಮೆಯ ಶಾಲೆಗಳಲ್ಲಿ ಮೂವತ್ತು ವರ್ಷ ಸಂಸ್ಕೃತ ಹೇಳಿಕೊಟ್ಟವನು. ಕನ್ನಡ ಪಂಡಿತರು ರಜೆ ಹಾಕಿದ ದಿನ ಕನ್ನಡ ತರಗತಿಯನ್ನೂ ನೋಡಿಕೊಂಡವನು. ಅಮರಕೋಶ, ಶಬ್ದರೂಪ, ಧಾತುರೂಪ, ಇಷ್ಟೇ ನನ್ನ ಬಂಡವಾಳ.

ಕೆಲವು ವರ್ಷಗಳ ಹಿಂದೆ ಪದಸಂಗ್ರಹಕ್ಕೆಂದು ಅಚ್ಚು ಹಾಕಿಸಿದ ಒಂದು ಪಟ್ಟಿ ನನ್ನ ಕೈಗೆ ಬಂತು. ಎಡಗಡೆ ಗ್ರಂಥಭಾಷೆಯ ಶಬ್ದ, ಬಲಗಡೆ ‘ನಿಮ್ಮ ಊರಿನ ಶಬ್ದ’ ಬರೆಯಲು ಒಂದು ಗೆರೆ. ‘ಮರದ ಅಂಗಗಳು’ ಎಂಬ ವಿಭಾಗದಲ್ಲಿ ‘ಕೊಂಬೆ’ ಇತ್ತು, ಅದರ ಎದುರಿಗೆ ಒಂದೇ ಒಂದು ಗೆರೆ. ನಾನು ‘ಗೆಲ್ಲು’ ಎಂದು ಬರೆದೆ. ಬರೆದ ಮೇಲೆ ಕೆಲಸ ಮುಗಿಯಿತು ಅಂತ ಅನ್ನಿಸಲಿಲ್ಲ. ಏನು ತಪ್ಪಿದೆ ಅಂತ ಆಗ ಗೊತ್ತಾಗಲೂ ಇಲ್ಲ. ಗೊತ್ತಾದದ್ದು ಬಾಲ್ಟಿಕ್ ಸಮುದ್ರದ ದಂಡೆಯ ಈ ಸಣ್ಣ ಭಾಷೆಯ ಕೋಶವನ್ನು ನೋಡಿದ ಮೇಲೆ.

ಲ್ಯಾಟ್ವಿಯನ್ ಭಾಷೆ ಆಡುವ ಜನ ಹೆಚ್ಚಿಲ್ಲ. ಇಡೀ ಲ್ಯಾಟ್ವಿಯ ದೇಶದ ಜನಸಂಖ್ಯೆಯೇ ಇಪ್ಪತ್ತು ಲಕ್ಷಕ್ಕಿಂತ ಕಡಿಮೆ. ಆದರೆ ಇದು ಮತ್ತು ಇದರ ನೆರೆಯ ಲಿಥುವೇನಿಯನ್ ಎರಡೂ ಸಂಸ್ಕೃತ ಓದಿದವನಿಗೆ ಪರಕೀಯ ಅನ್ನಿಸುವುದಿಲ್ಲ. ಫ್ರಾನ್ಸ್ ಬೊಪ್ ೧೮೩೩ರಲ್ಲಿ ತನ್ನ ತೌಲನಿಕ ವ್ಯಾಕರಣವನ್ನು ಹೊರಡಿಸಲು ಆರಂಭಿಸಿದಾಗಲೇ ಸಂಸ್ಕೃತದ ಪಕ್ಕದಲ್ಲಿ ಲಿಥುವೇನಿಯನ್ ಭಾಷೆಯನ್ನು ಕೂರಿಸಿದ್ದ. ನಮ್ಮ ‘ದೇವಸ್’ (ದೇವಃ) ಲಿಥುವೇನಿಯನ್ನಿನಲ್ಲಿ ‘ದಿಯೆವಸ್’, ಲ್ಯಾಟ್ವಿಯನ್ನಿನಲ್ಲಿ ‘ದಿಯೆವ್ಸ್’. ಪ್ರಥಮಾ ಏಕವಚನದ ಸಕಾರ ಎರಡರಲ್ಲೂ ಉಂಟು; ಲ್ಯಾಟ್ವಿಯನ್ ಅದರ ಹಿಂದಿನ ಅಕಾರವನ್ನು ಮಾತ್ರ ನುಂಗಿದೆ. ನಾವು ವಿಸರ್ಗ ಮಾಡಿ ಉಸಿರಿನಲ್ಲಿ ಕಳೆದದ್ದನ್ನು ಅವರು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡಿದ್ದಾರೆ.

ನಾವು ಎತ್ತಿಕೊಂಡ ಶಬ್ದ ‘ಜ಼ರ್ಸ್’. ಮೊದಲಿನ ಅಕ್ಷರವನ್ನು ಸಕಾರಕ್ಕೆ ಘೋಷ ಕೊಟ್ಟಂತೆ ಹೇಳಬೇಕು, ‘ಜ಼ಮೀನು’ ಎಂದು ಉರ್ದು ಬಲ್ಲವರು ಹೇಳುವ ಹಾಗೆ. ಅರ್ಥ, ಮರದ ಕೊಂಬೆ. ಪುಲ್ಲಿಂಗ. ಕೊನೆಯ ಸಕಾರ ವಿಭಕ್ತಿಪ್ರತ್ಯಯ. ಪ್ರಕೃತಿ ‘ಜ಼ರ್’ ಅಷ್ಟೆ. ಬಹುವಚನ ‘ಜ಼ರಿ’, ಷಷ್ಠೀ ಏಕವಚನ ‘ಜ಼ರ’, ಸಪ್ತಮೀ ‘ಜ಼ರಾ’. ಅವರ ಶಾಲೆಗಳಲ್ಲೂ ಸಂಪ್ರದಾಯವಾಗಿ ಏಳು ವಿಭಕ್ತಿಗಳನ್ನು ಹೇಳಿಕೊಡುತ್ತಾರೆ, ಸಂಬೋಧನೆಯೂ ಅದರೊಳಗೇ ಸೇರಿ. ‘ಹಕ್ಕಿ ಕೊಂಬೆಯ ಮೇಲೆ ಕೂತಿದೆ’ ಎನ್ನಲು ‘ಪುತ್ನ್ಸ್ ಸೇಝ್ ಜ಼ರಾ’ ಎಂದರೆ ಸಾಕು. ‘ಮೇಲೆ’ ಎಂಬ ಬೇರೆ ಮಾತು ಕಡ್ಡಾಯವಲ್ಲ, ಸಪ್ತಮಿಯೇ ಆ ಕೆಲಸ ಮಾಡುತ್ತದೆ, ‘ಶಾಖಾಯಾಂ ಸೀದತಿ’ ಎಂದ ಹಾಗೆ. ‘ಸೇಝ್’ ಎಂಬುದು ನಮ್ಮ ‘ಸದ್’ ಧಾತುವಿನ ಬಂಧುವೇ. (ಇಲ್ಲಿ ‘ಝ’ ಎಂದು ಬರೆದಿರುವುದು ಮಹಾಪ್ರಾಣವಲ್ಲ, ಶಕಾರಕ್ಕೆ ಘೋಷ ಕೊಟ್ಟ ಧ್ವನಿ. ನಮ್ಮ ಲಿಪಿಯಲ್ಲಿ ಅದಕ್ಕೆ ಜಾಗವಿಲ್ಲ, ಸುಧಾರಿಸಿಕೊಳ್ಳಬೇಕು.)

ಸಂಸ್ಕೃತದವನು ಇಲ್ಲಿ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾನೆ. ಲಿಥುವೇನಿಯನ್ನಿನಲ್ಲಿ ಕೊಂಬೆಗೆ ‘ಶಕಾ’ ಎನ್ನುತ್ತಾರೆ. ಅದು ನಮ್ಮ ‘ಶಾಖಾ’ ಶಬ್ದವೇ. ಲಿಂಗ ಕೂಡ ಸ್ತ್ರೀಲಿಂಗ. ಹಾಗಾದರೆ ಲ್ಯಾಟ್ವಿಯನ್ನರ ಶಾಖೆ ಎಲ್ಲಿ ಹೋಯಿತು? ಸಂಸ್ಕೃತದ ಶಕಾರ ಲಿಥುವೇನಿಯನ್ನಿನಲ್ಲಿ ಶಕಾರವಾಗಿಯೇ ಇರುತ್ತದೆ, ಲ್ಯಾಟ್ವಿಯನ್ನಿನಲ್ಲಿ ಸಕಾರವಾಗುತ್ತದೆ: ಶತಂ, ಶಿಮ್ತಸ್, ಸಿಮ್ತ್ಸ್; ದಶ, ದೆಶಿಮ್ತ್, ದೆಸ್ಮಿತ್. ಇದೇ ದಾರಿ ಹಿಡಿದು ಹೋದರೆ ಲ್ಯಾಟ್ವಿಯನ್ನಿನಲ್ಲಿ ‘ಸಕ್-’ ಎಂದು ಆರಂಭವಾಗುವ ಶಬ್ದಗಳನ್ನು ಹುಡುಕಬೇಕು. ಹುಡುಕಿದೆ. ಸಿಕ್ಕಿದ್ದು ಎರಡು. ‘ಸಕಸ್’ ಎಂದರೆ ಗಾಡಿ ಎಳೆಯುವ ಕುದುರೆಯ ಕೊರಳಿಗೆ ಹಾಕುವ ನೊಗದಂಥ ಪಟ್ಟಿ. ಕವಲಾದ ಮರದಿಂದ ಮಾಡುತ್ತಿದ್ದ ಸಲಕರಣೆಗೆ ಮರದ ಕವಲಿನ ಹೆಸರೇ ನಿಂತಿತು. ಇನ್ನೊಂದು ‘ಸಕ್ನೆ’. ಅದರ ಅರ್ಥ ಬೇರು!

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಅಂಗಳದಲ್ಲಿ ಸ್ವಲ್ಪ ಹೊತ್ತು ಅಡ್ಡಾಡಿದೆ. ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಬೇರು ಮೇಲೆ, ಕೊಂಬೆ ಕೆಳಗೆ ಇರುವ ಅಶ್ವತ್ಥದ ವಿಚಾರ ಬರುತ್ತದಲ್ಲ, ಅದಕ್ಕೆ ಭಾಷ್ಯಕಾರರು ಏನೇನು ಹೇಳಿದ್ದಾರೆಂದು ಮಕ್ಕಳಿಗೆ ವಿವರಿಸಿದವನು ನಾನು. ಇಲ್ಲಿ ವೇದಾಂತವಿಲ್ಲ. ಬೇರೂ ನೆಲದೊಳಗೆ ಕವಲೊಡೆಯುವ ಕೊಂಬೆಯೇ ಎಂದು ನೆಲ ಅಗೆದ ರೈತ ಕಂಡಿದ್ದಾನೆ, ಅಷ್ಟೆ. ಲಿಥುವೇನಿಯನ್ನಿನಲ್ಲಿ ‘ಶಕಾ’ ಕೊಂಬೆ, ‘ಶಕ್ನಿಸ್’ ಬೇರು, ಎರಡೂ ಉಳಿದಿವೆ. ಲ್ಯಾಟ್ವಿಯನ್ನಿನಲ್ಲಿ ಮೇಲಿನದಕ್ಕೆ ‘ಜ಼ರ್ಸ್’ ಬಂದು ಕೂತಿತು, ಹಳೆಯ ಶಾಖೆ ನೆಲದ ಕೆಳಗೆ ಇಳಿಯಿತು. ಇದೇ ಶಾಖೆ ಸ್ಲಾವ್ ಜನರಲ್ಲಿ ಹೊಲಕ್ಕೆ ಹೋಯಿತು. ರಷ್ಯನ್ನರ ‘ಸೊಖಾ’, ಅಂದರೆ ಹಳೆಯ ಕಾಲದ ಮರದ ನೇಗಿಲು, ಇದೇ ಶಬ್ದ. ನಮ್ಮಲ್ಲಿ ಅದು ವೇದಕ್ಕೆ ಏರಿತು. ಯಾವ ಶಾಖೆ ಅಂತ ಕೇಳಿದರೆ ಋಕ್ಕೋ ಯಜುಸ್ಸೋ ಅಂತ ಉತ್ತರ. ಕೈಗೂ ಬಂತು: ವೈದಿಕ ನಿಘಂಟು ಬೆರಳಿನ ಹೆಸರುಗಳಲ್ಲಿ ‘ಶಾಖಾಃ’ ಎಂದು ಸೇರಿಸಿದೆ, ಲೌಕಿಕದಲ್ಲಿ ‘ಕರಶಾಖಾ’ ಎನ್ನುತ್ತೇವೆ. ಕೋತಿ ಶಾಖಾಮೃಗವಾಯಿತು.

‘ಜ಼ರ್ಸ್’ ಶಬ್ದದ ವಿಚಾರಕ್ಕೆ ಬರುತ್ತೇನೆ. ಕೋಶದಲ್ಲಿ ಮೊದಲ ಅರ್ಥ ಕೊಂಬೆ. ಅದು ಎಲ್ಲರಿಗೂ ಗೊತ್ತಿರುವುದು, ಅಲ್ಲಿ ನಿಲ್ಲಬೇಕಾಗಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಹಲಗೆಯ ಅರ್ಥ.

ಲ್ಯಾಟ್ವಿಯದ ಅರ್ಧಕ್ಕಿಂತ ಹೆಚ್ಚು ನೆಲ ಕಾಡು. ಪೈನ್, ಸ್ಪ್ರೂಸ್, ಬರ್ಚ್ ಮರಗಳು. ಮರ ಕೊಯ್ದು ಮಾರುವುದು ಆ ದೇಶದ ದೊಡ್ಡ ಕಸುಬುಗಳಲ್ಲಿ ಒಂದು. ಅಲ್ಲಿಯ ಬಡಗಿ ಹಲಗೆಯೊಂದನ್ನು ತಿರುಗಿಸಿ ನೋಡಿ ‘ಇದರಲ್ಲಿ ಜ಼ರ್ಸ್ ಉಂಟು’ ಎಂದರೆ ಕೊಂಬೆ ಉಂಟು ಎಂದು ತಿಳಿಯಬಾರದು. ಹಲಗೆಯ ಮೈಯಲ್ಲಿ ಕಪ್ಪಾಗಿ ದುಂಡಗೆ ಕಾಣುವ ಗಂಟನ್ನು ಅವನು ಹೇಳುತ್ತಾನೆ. ಗಂಟು ಇಲ್ಲದ ಹಲಗೆಗೆ ‘ಬೆಜ಼್ ಜ಼ರಿಯೆಮ್’, ಕೊಂಬೆಗಳಿಲ್ಲದ್ದು, ಎನ್ನುತ್ತಾರೆ; ಗಂಟು ತುಂಬಿದ್ದಕ್ಕೆ ‘ಜ಼ರೈನ್ಸ್’. ಇದೇ ‘ಜ಼ರೈನ್ಸ್’ ಶಬ್ದವನ್ನು ನಿಂತ ಮರಕ್ಕೆ ಹೇಳಿದರೆ ತುಂಬ ಕೊಂಬೆಗಳುಳ್ಳದ್ದು ಎಂದಾಗುತ್ತದೆ.

ಅರ್ಥ ಹೀಗೆ ಜಾರಿದ್ದಲ್ಲ, ಮರವೇ ಹಾಗೆ ಬೆಳೆಯುತ್ತದೆ. ಎಳೆಯ ಕಾಂಡದಲ್ಲಿ ಒಂದು ಕೊಂಬೆ ಹುಟ್ಟಿತು ಎನ್ನಿ. ವರ್ಷವರ್ಷವೂ ಕಾಂಡ ಒಂದೊಂದು ಸುತ್ತು ದಪ್ಪವಾಗುತ್ತಾ ಕೊಂಬೆಯ ಬುಡವನ್ನು ಒಳಗೆ ತೆಗೆದುಕೊಳ್ಳುತ್ತದೆ. ಕೊಂಬೆ ಜೀವಂತವಾಗಿದ್ದರೆ ಅದರ ನಾರು ಕಾಂಡದ ನಾರಿನೊಂದಿಗೆ ಬೆಸೆದುಕೊಂಡಿರುತ್ತದೆ. ಅಂಥ ಗಂಟು ಹಲಗೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಒಣಗಿ ಸತ್ತ ಕೊಂಬೆಯಾದರೆ ಕಾಂಡ ಅದನ್ನು ಸುತ್ತುವರಿಯುತ್ತದೆಯೇ ಹೊರತು ಬೆಸೆಯುವುದಿಲ್ಲ. ಕೊಯ್ದು ಒಣಗಿಸಿದ ಮೇಲೆ ಆ ಗಂಟು ಕಳಚಿ ಬಿದ್ದು ಹಲಗೆಯಲ್ಲಿ ತೂತು ಉಳಿಯುತ್ತದೆ. ಅಂದರೆ ಗಂಟು ಎನ್ನುವುದು ಕಾಂಡ ನುಂಗಿದ ಕೊಂಬೆಯೇ. ನಾವು ಹೊರಗಿನ ಆಕಾರ ನೋಡಿ ಗಂಟು ಎಂದೆವು, ಹಗ್ಗದ ಗಂಟಿನ ಸಾದೃಶ್ಯದಿಂದ. ಅವರು ಒಳಗೆ ಏನಿದೆಯೋ ಅದರ ಹೆಸರನ್ನೇ ಇಟ್ಟರು. ನ್ಯಾಯಶಾಸ್ತ್ರದವರಿಗೆ ಅವರ ಹೆಸರೇ ಹೆಚ್ಚು ಸಮ್ಮತವಾದೀತು.

ಎರಡನೆಯದು ಹೊಲದ ಅರ್ಥ. ಹಿಂದೆ ಅಲ್ಲಿಯ ರೈತರು ಹಲುಬೆಯನ್ನು ಬಡಗಿಯ ಹತ್ತಿರ ಮಾಡಿಸುತ್ತಿರಲಿಲ್ಲ. ಸ್ಪ್ರೂಸ್ ಮರದ ತುದಿಭಾಗವನ್ನು ಕಡಿದು, ಉದ್ದಕ್ಕೆ ಸೀಳಿ, ಕೊಂಬೆಗಳನ್ನು ಪೂರಾ ಸವರದೆ ಗೇಣುದ್ದವೋ ಮೊಳದುದ್ದವೋ ಬಿಟ್ಟು, ಅಂಥ ಸೀಳುಗಳನ್ನು ಸಾಲಾಗಿ ಜೋಡಿಸಿ ಕಟ್ಟುತ್ತಿದ್ದರು. ಉಳಿದ ಕೊಂಬೆಯ ಮೋಟುಗಳೇ ಹಲ್ಲು. ಕುದುರೆ ಎಳೆದುಕೊಂಡು ಹೋದರೆ ಹೆಂಟೆ ಒಡೆಯುತ್ತಿತ್ತು. ಕಾಡು ಸುಟ್ಟು ಮಾಡಿದ ಹೊಸ ಹೊಲದಲ್ಲಿ ಬೇರು ಕಲ್ಲು ಸಿಕ್ಕಿದರೆ ಬಳುಕಿ ದಾಟುತ್ತಿತ್ತು. ಇದಕ್ಕೆ ‘ಜ಼ರು ಎತ್ಸೇಶಸ್’, ಕೊಂಬೆಗಳ ಹಲುಬೆ, ಎಂದು ಹೆಸರು. ಹುಲ್ಲು ಎತ್ತುವ ಕವೆಗೋಲಿನ ಮೊನೆಗಳಿಗೂ ‘ಜ಼ರಿ’ ಎನ್ನುತ್ತಾರೆ. ಮೂರು ಮೊನೆಯದು ಮೂರು ಕೊಂಬೆಯದು. ದೀಪದ ಕಂಬಕ್ಕೂ ಹಾಗೆಯೇ. ಮೂರು ಮೇಣದ ಬತ್ತಿ ನಿಲ್ಲಿಸುವ ಕಂಬ ‘ಮೂರು ಜ಼ರ್ಸಿನದು’. ನಮ್ಮ ಕಣ್ಣು ಹಲ್ಲು ಕಂಡಲ್ಲಿ ಅವರ ಕಣ್ಣು ಕೊಂಬೆ ಕಂಡಿದೆ. ಬಾಚಣಿಗೆಗೆ ಹಲ್ಲು, ಗರಗಸಕ್ಕೆ ಹಲ್ಲು, ಹಲುಬೆಗೂ ಹಲ್ಲು ಅಂತ ನಾವು ಹೇಳುವುದು ಅವರಿಗೆ ವಿಚಿತ್ರವಾಗಿ ಕೇಳಿಸಬಹುದು.

ಜಿಂಕೆಯ ಕೋಡಿನ ಕವಲುಗಳಿಗೂ ‘ಜ಼ರ್ಸ್’ ಸಲ್ಲುತ್ತದೆ, ‘ಝುಬುರ್ಸ್’ ಎಂಬ ಇನ್ನೊಂದು ಮಾತೂ ಉಂಟು. ಇದರಲ್ಲಿ ನಮಗೆ ಆಶ್ಚರ್ಯವಿಲ್ಲ. ಕನ್ನಡದ ಕೊಂಬು, ಕೊಂಬೆ. ತೆಲುಗಿನ ಕೊಮ್ಮು, ಕೊಮ್ಮ. ತಮಿಳು, ಮಲಯಾಳಗಳಲ್ಲಿ ಎರಡಕ್ಕೂ ಒಂದೇ ಕೊಂಬು. ಮಡಕಶಿರದವರಿಗೂ ತಾಳವಾಡಿಯವರಿಗೂ ಕಾಸರಗೋಡಿನವರಿಗೂ ನೆರೆಭಾಷೆಯಿಂದ ಈ ಪಾಠ ಪುಕ್ಕಟೆ ಸಿಗುತ್ತದೆ. ಸಂಬಂಧವಿಲ್ಲದ ಎರಡು ಭಾಷಾಕುಲಗಳು ಒಂದೇ ಸಾದೃಶ್ಯವನ್ನು ಬೇರೆ ಬೇರೆಯಾಗಿ ಕಂಡುಕೊಂಡಿವೆ.

ನದಿಯ ಕವಲು, ಮನೆತನದ ಕವಲು, ಭಾಷಾಕುಲದ ಕವಲು, ಇವಕ್ಕೂ ‘ಜ಼ರ್ಸ್’ ಬಳಕೆಯಲ್ಲಿದೆ. ಉಪಸರ್ಗ ಸೇರಿಸಿ ಹೊಸ ಮಾತು ಮಾಡುವುದರಲ್ಲಿ ಅವರು ನಮ್ಮ ಹಾಗೇ. ‘ಅತ್-’ ಸೇರಿಸಿ ‘ಅತ್‌ಜ಼ರ್ಸ್’ ಎಂದರೆ ಪಕ್ಕಕ್ಕೆ ಹೊರಟ ಕವಲು. ಮುಖ್ಯ ಹಳಿಯಿಂದ ಹೊರಟ ರೈಲು ಹಳಿಗೂ ಆಗುತ್ತದೆ. ‘ನುವ-’ ಸೇರಿಸಿ ‘ನುವಜ಼ರೆ’ ಎಂದರೆ ವಿದ್ಯೆಯ ಅಥವಾ ಉದ್ಯಮದ ವಿಭಾಗ: ಬೇಸಾಯ ಒಂದು ನುವಜ಼ರೆ, ವೈದ್ಯ ಒಂದು ನುವಜ಼ರೆ. ಪ್ರಶಾಖಾ, ಉಪಶಾಖಾ ಎಂದು ನಾವು ಮಾಡಿದ್ದು ಇದೇ ಕೆಲಸ. ಆದರೆ ಬ್ಯಾಂಕಿನ ಶಾಖೆಗೆ ಅವರು ಮರದ ಹತ್ತಿರ ಹೋಗಲಿಲ್ಲ. ‘ಫಿಲಿಯಾಲೆ’ ಎಂಬ ಲ್ಯಾಟಿನ್ ಮೂಲದ ಮಾತನ್ನು ಇಟ್ಟುಕೊಂಡರು. ನಮ್ಮಲ್ಲಿ ತಲೆಕೆಳಗು. ಮರದ ಕೊಂಬೆಗೆ ಮಾತಿನಲ್ಲಿ ಯಾರೂ ಶಾಖೆ ಎನ್ನುವುದಿಲ್ಲ, ಬ್ಯಾಂಕಿಗೆ ಶಾಖೆಯಲ್ಲದೆ ಇನ್ನೊಂದು ಹೆಸರಿಲ್ಲ.

ಕೊಂಬೆಯನ್ನು ಮರದಿಂದ ಕಡಿದ ಮೇಲೆ ಏನಾಗುತ್ತದೆ ಎನ್ನುವುದು ಮುಖ್ಯ. ಮುರಿದು ಬಿದ್ದು ಒಣಗಿದ ಸಣ್ಣ ಕೊಂಬೆ ‘ಝಗರ್ಸ್’. ಒಲೆಗೆ ಹಾಕುವ ಪುಳ್ಳೆ. ಜೂನ್ ೨೩ರ ಸಂಜೆ ಅವರ ಯಾನಿ ಹಬ್ಬ. ಆ ದಿನ ಬಾಗಿಲಿಗೂ ಮನೆಯೊಳಗೂ ಕಟ್ಟುವ ಎಲೆಸಹಿತವಾದ ಬರ್ಚ್ ಕೊಂಬೆ ‘ಮೆಯ’. ಅದೇ ಬರ್ಚಿನ ಕೊಂಬೆಗಳನ್ನು ಕಟ್ಟಾಗಿ ಕಟ್ಟಿ ಬಿಸಿ ಹಬೆಯ ಬಚ್ಚಲಿನಲ್ಲಿ ಮೈಗೆ ಬಡಿದುಕೊಂಡರೆ ‘ಸ್ಲುವತ’. ಕಸ ಗುಡಿಸುವ ಪೊರಕೆಗೂ ಅದೇ ಹೆಸರು. ಈಸ್ಟರಿಗೆ ಹಿಂದಿನ ಭಾನುವಾರ ಮೆತ್ತನೆ ಮೊಗ್ಗಿರುವ ವಿಲ್ಲೋ ಕೊಂಬೆಯಿಂದ, ಇನ್ನೂ ಮಲಗಿರುವ ಮನೆಮಂದಿಯನ್ನು ಮೆಲ್ಲಗೆ ಹೊಡೆದು ಆರೋಗ್ಯ ಹಾರೈಸುವ ರೂಢಿಯಿದೆ. ಸಾವಿನ ಮನೆಯಲ್ಲಿ ಸ್ಪ್ರೂಸ್ ರೆಂಬೆಯ ಚೂರುಗಳನ್ನು ದಾರಿಗೆ ಚೆಲ್ಲುತ್ತಾರೆ. ಮರ ಒಂದೇ, ಕೊಂಬೆ ಒಂದೇ. ಯಾರ ಕೈಗೆ ಯಾಕೆ ಬಂತು ಎನ್ನುವುದರ ಮೇಲೆ ಹೆಸರು.

ಗಾದೆ ನುಡಿಗಟ್ಟುಗಳನ್ನು ಬೇಗ ಮುಗಿಸುತ್ತೇನೆ. ಕೈಯಲ್ಲಿ ನಾಲ್ಕು ಕಾಸು ಆಡುವ ಸ್ಥಿತಿಗೆ ಬಂದವನನ್ನು ‘ಉಜ಼್ ಜ಼ಲ್ಯ ಜ಼ರ’, ಹಸಿರು ಕೊಂಬೆಯ ಮೇಲೆ ಇದ್ದಾನೆ, ಎನ್ನುತ್ತಾರೆ. ಜರ್ಮನ್ನಿನಲ್ಲೂ ಇದೇ ನುಡಿಗಟ್ಟು ಉಂಟು. ರಿಗಾ ಪಟ್ಟಣ ೧೨೦೧ರಲ್ಲಿ ಜರ್ಮನ್ ಬಿಷಪ್ ಆಲ್ಬರ್ಟನಿಂದ ಸ್ಥಾಪಿತವಾದ ಮೇಲೆ ಏಳುನೂರು ವರ್ಷ ಜಮೀನ್ದಾರರು ಜರ್ಮನ್ ಮಾತಾಡುವವರು, ಒಕ್ಕಲುಗಳು ಲ್ಯಾಟ್ವಿಯನ್ನರು. ಎರಡು ಮಾತು ಒಂದೇ ಅಂಗಳದಲ್ಲಿದ್ದರೆ ನುಡಿಗಟ್ಟು ಬೇಲಿ ದಾಟುತ್ತದೆ ಅಂತ ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಕೂತ ಕೊಂಬೆಯನ್ನೇ ಕಡಿಯುವವನೂ ಅವರಲ್ಲಿದ್ದಾನೆ. ನಮ್ಮ ಕಾಳಿದಾಸನ ಕಥೆ ಅಲ್ಲಿಗೆ ಹೋಗಿರಲಾರದು. ಅಂಥ ಮೂರ್ಖತನಕ್ಕೆ ಮರ ಇದ್ದರೆ ಸಾಕು. ಅಲ್ಪಾರ್ಥ ಪ್ರತ್ಯಯ ಸೇರಿ ಆದ ‘ಜ಼ರಿಞ್ಶ್’, ಸಣ್ಣ ಕೊಂಬೆ, ಅವರಲ್ಲಿ ಬಹಳ ಕಾಣುವ ಮನೆತನದ ಹೆಸರು. ೧೯೨೯ರ ಐದು ಲಾತ್ಸ್ ಬೆಳ್ಳಿನಾಣ್ಯದ ಮೇಲಿನ ಕನ್ಯೆಯ ಮುಖವನ್ನು ಬರೆದ ಚಿತ್ರಕಾರ ರಿಹರ್ಡ್ಸ್ ಜ಼ರಿಞ್ಶ್ ಈ ಹೆಸರಿನವರೇ.

ನನ್ನ ಒಂದು ದುಡುಕನ್ನೂ ಇಲ್ಲಿ ದಾಖಲಿಸಬೇಕು. ಸಂಸ್ಕೃತದ ಹಕಾರ ಲ್ಯಾಟ್ವಿಯನ್ನಿನಲ್ಲಿ ಹಲವು ಕಡೆ ‘ಜ಼’ ಆಗುತ್ತದೆ. ಹಿಮ, ಜ಼ಿಯೆಮ (ಚಳಿಗಾಲ). ಹಂಸ, ಜ಼ುವಸ್ (ಬಾತುಕೋಳಿಯ ಜಾತಿಯ ದೊಡ್ಡ ಹಕ್ಕಿ). ಹರಿ ಎಂದರೆ ಹಸಿರು, ಅವರಲ್ಲಿ ಜ಼ಲ್ಯ್‌ಶ್. ಈ ಸೂತ್ರ ಕಂಡ ಹುಮ್ಮಸ್ಸಿನಲ್ಲಿ ‘ಜ಼ರ್ಸ್’ ಶಬ್ದಕ್ಕೆ ‘ಹರ್-’ ಎಂದು ಬರಬೇಕಲ್ಲ ಎಂದುಕೊಂಡೆ. ಕನ್ನಡದಲ್ಲಿ ‘ಹರೆ’ ಎಂದರೆ ಕೊಂಬೆ! ಸಿಕ್ಕಿತು ಎಂದು ಒಂದು ಚಿಕ್ಕ ಸಭೆಯಲ್ಲಿ ಹೇಳಿಯೂ ಬಿಟ್ಟೆ. ಒಬ್ಬ ತರುಣ ಅಧ್ಯಾಪಕರು ಎದ್ದು, ‘ಸಾರ್, ಕನ್ನಡದ ಹಕಾರ ಬಹುಮಟ್ಟಿಗೆ ಹಳೆಯ ಪಕಾರ ಅಲ್ವೆ, ಪಾಲು ಹಾಲಾದಂತೆ? ಸಂಸ್ಕೃತದ ಹಕಾರಕ್ಕೂ ಅದಕ್ಕೂ ಏನು ಸಂಬಂಧ?’ ಎಂದರು. ನನಗೆ ಉತ್ತರವಿರಲಿಲ್ಲ. ಇದ್ದದ್ದು ಧ್ವನಿಯ ಹೋಲಿಕೆ ಮಾತ್ರ. ಲ್ಯಾಟ್ವಿಯನ್ನಿನ ಒಳಗೇ ಇಂಥ ಬಲೆ ಉಂಟು: ‘ಜ಼ರ್ನ’ ಎಂದರೆ ಕರುಳು, ಕೊಂಬೆಯ ಹಾಗೆ ಹರಡುತ್ತದೆ ಅಂತ ‘ಜ಼ರ್ಸ್’ ಶಬ್ದಕ್ಕೆ ಕಟ್ಟಲು ಮನಸ್ಸಾಗುತ್ತದೆ. ಆದರೆ ಅದರ ಬಂಧು ಸಂಸ್ಕೃತದ ‘ಹಿರಾ’, ರಕ್ತನಾಳ; ಅದರ ಮನೆತನ ಬೇರೆ.

ಇಷ್ಟೆಲ್ಲ ಅರ್ಥಗಳು ಒಂದು ಕೋಶದಲ್ಲಿ ಹೇಗೆ ಉಳಿದವು ಎಂಬ ಮಾತಿಗೆ ಬರುತ್ತೇನೆ. ಕಾರ್ಲಿಸ್ ಮೀಲೆನ್‌ಬಹ್ಸ್ ಎಂಬ ಶಾಲಾ ಅಧ್ಯಾಪಕರು ಲ್ಯಾಟ್ವಿಯನ್ ಶಬ್ದಗಳನ್ನು ಕೂಡಿಸುತ್ತಾ ಹೋದರು. ಕೋಶ ಅಚ್ಚಾಗುವ ಮುಂಚೆ, ೧೯೧೬ರಲ್ಲಿ, ತೀರಿಕೊಂಡರು. ಯಾನಿಸ್ ಎಂಡ್ಜ಼ೆಲೀನ್ಸ್ ಅದನ್ನು ಕೈಗೆತ್ತಿಕೊಂಡು ತಿದ್ದಿ ಬೆಳೆಸಿ ೧೯೨೩ರಿಂದ ೧೯೩೨ರ ಒಳಗೆ ನಾಲ್ಕು ಸಂಪುಟ ಹೊರತಂದರು. ಅಷ್ಟಕ್ಕೇ ಸಮಾಧಾನವಾಗದೆ ಎಡಿತೆ ಹೌಜ಼ೆನ್‌ಬರ್ಗ ಅವರೊಂದಿಗೆ ೧೯೩೪ರಿಂದ ೧೯೪೬ರ ವರೆಗೆ ಎರಡು ಪುರವಣಿ ಸಂಪುಟಗಳನ್ನು ಕೂಡಿಸಿದರು. ಆ ಹನ್ನೆರಡು ವರ್ಷಗಳಲ್ಲಿ ಆ ದೇಶ ಸ್ವಾತಂತ್ರ್ಯ ಕಳೆದುಕೊಂಡಿತ್ತು, ಯುದ್ಧ ಬಂದು ಹೋಗಿತ್ತು, ಆಳುವವರು ಮೂರು ಬಾರಿ ಬದಲಾಗಿದ್ದರು. ಪುರವಣಿ ನಿಲ್ಲಲಿಲ್ಲ.

ಆ ಕೋಶದ ಗುಣ ಅದರ ಗಾತ್ರದಲ್ಲಿಲ್ಲ. ಒಂದೊಂದು ಪ್ರಯೋಗದ ಪಕ್ಕದಲ್ಲೂ ಅದು ಯಾವ ಗ್ರಾಮದಲ್ಲಿ ಸಿಕ್ಕಿತು ಎಂದು ಊರಿನ ಹೆಸರು ಕೊಡುವುದು ಅದರ ಪದ್ಧತಿ. ಲ್ಯಾಟ್ವಿಯನ್ನಿನಲ್ಲಿ ಮೂರು ಮುಖ್ಯ ಉಪಭಾಷೆಗಳಿವೆ. ನಡುನಾಡಿನದು ಗ್ರಂಥಭಾಷೆಗೆ ಬುಡ. ಸಮುದ್ರತೀರದ್ದು ಲಿವೊನಿಯನ್ ಎಂಬ ಬೇರೆ ಕುಲದ ಭಾಷೆಯ ಜೊತೆ ಬೆರೆತು ಬೆಳೆದದ್ದು. ಆ ಲಿವೊನಿಯನ್ನನ್ನು ತಾಯ್ನುಡಿಯಾಗಿ ಆಡಿದ ಕೊನೆಯವರು ೨೦೧೩ರಲ್ಲಿ ತೀರಿಹೋದರು. ಪೂರ್ವದ ಮೇಲ್ನಾಡಿನದು ಮೂರನೆಯದು. ಅಲ್ಲಿಯ ಲಾತ್‌ಗಾಲೆಯವರು ‘ಜ಼ರ್ಸ್’ ಎನ್ನದೆ ‘ಜ಼ೊರ್ಸ್’ ಎನ್ನುತ್ತಾರೆ. ಎಂಡ್ಜ಼ೆಲೀನ್ಸ್ ಯಾವುದನ್ನೂ ಅಶುದ್ಧವೆಂದು ಹೊರಗೆ ಹಾಕಲಿಲ್ಲ. ಅದಕ್ಕೂ ಹಿಂದೆ ಕ್ರಿಶ್ಯಾನಿಸ್ ಬರೊನ್ಸ್ ಎಂಬವರು ಎರಡು ಲಕ್ಷಕ್ಕೂ ಮೀರಿದ ಜನಪದ ಚೌಪದಿಗಳನ್ನು ಚೀಟಿಗಳಲ್ಲಿ ಬರೆದು ಅರೆಗಳಿರುವ ಒಂದು ಕಪಾಟಿನಲ್ಲಿ ಜೋಡಿಸಿ, ೧೮೯೪ರಿಂದ ೧೯೧೫ರ ವರೆಗೆ ಅಚ್ಚು ಹಾಕಿಸಿದ್ದರು. ಆ ಕಪಾಟು ೨೦೦೧ರಲ್ಲಿ ಯುನೆಸ್ಕೋದ ‘ವಿಶ್ವಸ್ಮೃತಿ’ ಪಟ್ಟಿಗೆ ಸೇರಿತು. ೧೮೯೪ ಎಂದಾಗ ನಮಗೆ ನೆನಪಾಗುವುದು ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶ. ಎರಡು ಕೆಲಸವೂ ಒಂದೇ ವರ್ಷ ಬೆಳಕು ಕಂಡವು.

ನನ್ನ ಪಟ್ಟಿಯಲ್ಲಿ ಏನು ತಪ್ಪಿತ್ತು ಎಂದು ಇಲ್ಲಿಗೆ ಬಂದಾಗ ಗೊತ್ತಾಯಿತು. ಶಬ್ದದಿಂದ ಶಬ್ದಕ್ಕೆ ಗೆರೆ ಎಳೆದಿದ್ದರು. ‘ಕೊಂಬೆ’ ಎಂದು ಮೊದಲೇ ಅಚ್ಚು ಹಾಕಿ ಕೊಟ್ಟರೆ ಉತ್ತರ ಬರೆಯುವವನು ಅದಕ್ಕೆ ಸಮನಾದ ಒಂದನ್ನು ಹುಡುಕಿ ಬರೆಯುತ್ತಾನೆ. ಕಾಸರಗೋಡಿನಿಂದ ‘ಗೆಲ್ಲು’ ಬರುತ್ತದೆ, ಸೊಲ್ಲಾಪುರ ಅಕ್ಕಲಕೋಟೆ ಕಡೆಯಿಂದ ‘ಟೊಂಗಿ’ ಬರುತ್ತದೆ, ಇನ್ನೊಂದು ಕಡೆಯಿಂದ ‘ರೆಂಬೆ’ ಬರುತ್ತದೆ. ಎಲ್ಲ ಸೇರಿ ಒಂದು ಸಾಲು. ಗೆಲ್ಲು ಎಲ್ಲಿ ಮುಗಿದು ಇನ್ನೇನು ಶುರುವಾಗುತ್ತದೆ ಎನ್ನುವುದು ಆ ಸಾಲಿನಲ್ಲಿ ಬರುವುದಿಲ್ಲ. ಎಂಡ್ಜ಼ೆಲೀನ್ಸರ ಕೋಶವನ್ನು ಇಂಥ ಪಟ್ಟಿಯಿಂದ ಮಾಡಿದ್ದರೆ ಹಲಗೆಯ ಗಂಟೂ ಸ್ಪ್ರೂಸಿನ ಹಲುಬೆಯೂ ಅದರೊಳಗೆ ಬರುತ್ತಿರಲಿಲ್ಲ.

ಪಟ್ಟಿ ಮಾಡಿದವರನ್ನು ದೂರಲು ನನಗೆ ಬಾಯಿಲ್ಲ. ೧೯೮೦ರ ಆಸುಪಾಸು, ಕನ್ನಡ ಪಂಡಿತರು ರಜೆಯಲ್ಲಿದ್ದಾಗ ಪ್ರಬಂಧದ ಪುಸ್ತಕಗಳನ್ನು ನಾನು ತಿದ್ದಿದೆ. ಒಬ್ಬ ಹುಡುಗ ‘ಗಾಳಿಮಳೆಗೆ ನಮ್ಮ ಹಲಸಿನ ಗೆಲ್ಲು ಮುರಿದು ಬಿತ್ತು’ ಎಂದು 
ಬರೆದಿದ್ದ. ‘ಗೆಲ್ಲು’ ಎಂದರೆ ಜಯಿಸು, ಇದು ಗ್ರಾಮ್ಯ ಎಂದು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ ಮೇಲೆ ‘ಶಾಖೆ’ ಎಂದು ಬರೆದೆ. ಹುಡುಗ ಎದ್ದು ನಿಂತು, ‘ಮಾಷ್ಟ್ರೇ, ಶಾಖೆ ಅಂದ್ರೆ ಬ್ಯಾಂಕಿನದ್ದಲ್ವಾ?’ ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನು ಅವನನ್ನು ಗಂಟೆ ಹೊಡೆಯುವ ವರೆಗೆ ಬೆಂಚಿನ ಮೇಲೆ ನಿಲ್ಲಿಸಿದೆ. ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಲ್ಯಾಟ್ವಿಯನ್ ಕೋಶಕಾರರಿಗೆ ಅವನು ಬೇಕಾದ ಹುಡುಗ.

ಕಳೆದ ಮಳೆಗಾಲ ಮುಗಿದ ಮೇಲೆ ಅವನ ತೋಟಕ್ಕೆ ಹೋದೆ. ಈಗ ಅವನಿಗೂ ಕೂದಲು ನೆರೆತಿದೆ. ಈ ಸಲ ಪಟ್ಟಿಯನ್ನು ನಾನೇ ಗೆರೆ ಹಾಕಿ ಮಾಡಿಕೊಂಡಿದ್ದೆ, ಎಡಗಡೆ ಯಾವ ಶಬ್ದವೂ ಇಲ್ಲದೆ. ಮರದ ಬುಡದಲ್ಲಿ ನಿಂತು ಕೈ ತೋರಿಸಿ ‘ಇದು ಎಂತದು?’ ಎಂದು ಕೇಳುತ್ತಾ ಹೋದೆ; ಶಾಖಾಚಂದ್ರನ್ಯಾಯದಲ್ಲಿ ಚಂದ್ರನನ್ನು ಬಿಟ್ಟು ಶಾಖೆಯನ್ನೇ ತೋರಿಸಿದ ಹಾಗೆ. ಅವನು ಹೇಳುತ್ತಾ ಹೋದ. ದಪ್ಪದ್ದೂ ಸಣ್ಣದ್ದೂ ಮರದಲ್ಲಿರುವಾಗ ಗೆಲ್ಲು. ಎರಡಾಗಿ ಒಡೆದ ಜಾಗ ಕವೆ. ಹಟ್ಟಿಗೆ ಹಾಕಲು ಎಲೆಸಮೇತ ಕಡಿದದ್ದು ಗೆಲ್ಲಲ್ಲ, ‘ಅದು ಸೊಪ್ಪು, ಮಾಷ್ಟ್ರೇ, ಕಡಿದ ಮೇಲೆ ಗೆಲ್ಲು ಅಂತ ಯಾರು ಹೇಳ್ತಾರೆ?’ ಒಣಗಿ ಒಲೆಗೆ ಹೋಗುವುದು ಚುಳ್ಳಿ. ಅವನ ಹೆಂಡತಿ ಒಳಗಿಂದಲೇ, ಬೆರಳುದಪ್ಪ ಮೀರಿದರೆ ಅದು ಚುಳ್ಳಿಯಲ್ಲ ಎಂದು ತಿದ್ದಿದರು. ಅದನ್ನೂ ಬರೆದುಕೊಂಡೆ.

ಜಗಲಿಯ ಹಳೆಯ ಹಲಗೆಯಲ್ಲಿ ಒಂದು ಗಂಟು ಇತ್ತು. ಬೆರಳಿಟ್ಟು ಕೇಳಿದೆ. ಗಂಡಹೆಂಡಿರು ಮುಖಮುಖ ನೋಡಿಕೊಂಡರು. ‘ಅದು ಆಚಾರಿಗಳ ಮಾತು ಮಾಷ್ಟ್ರೇ, ಅವರತ್ರ ಬೇರೆ ಹೆಸರುಂಟು, ನಮಗೆ ಬರುದಿಲ್ಲ’ ಎಂದ. ಆ ಹಲಗೆ ಇಟ್ಟ ಆಚಾರಿಯ ಮಗ ಕೆಲಸಕ್ಕೆಂದು ಮಂಗಳೂರಿಗೆ ಹೋಗಿದ್ದಾರೆ, ಊರಿಗೆ ಬರುವುದು ಆಯನದ ಸಮಯಕ್ಕೆ ಅಂತೆ. ಆ ಒಂದು ಗೆರೆಯನ್ನು ಖಾಲಿ ಬಿಟ್ಟೇ ಪಟ್ಟಿಯನ್ನು ಈ ಪ್ರಬಂಧದೊಂದಿಗೆ ಸಂಚಾಲಕರ ಕೈಗೆ ಕೊಟ್ಟಿದ್ದೇನೆ.